ನಮ್ಮ ಕಡತ ಈಗ ಯಾರ ಕೈಯಲ್ಲಿದೆ? ತಾಲ್ಲೂಕು ನ್ಯಾಯಾಲಯದಲ್ಲಿ ಯಾರ ಕೆಲಸ ಏನು ಎಂಬುದರ ಕುರಿತು ಚರ್ಚೆ

ಕೆರೆಕೋಡಿ:

ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಯವರು ತವರಿನ ಜಮೀನಿನಲ್ಲಿ ತಮ್ಮ ಪಾಲು ಕೇಳಿ ತಾಲ್ಲೂಕಿನ ಹಿರಿಯ ಸಿವಿಲ್ ನ್ಯಾಯಾಲಯದಲ್ಲಿ ವಿಭಾಗದ ದಾವೆ ಹೂಡಿ ಒಂದೂವರೆ ವರ್ಷವಾಯಿತು. ಮೂವರು ಸೋದರಮಾವಂದಿರು ಪ್ರತಿವಾದಿಗಳು. ಇಬ್ಬರು ವಕೀಲರನ್ನಿಟ್ಟು ಹಾಜರಾಗಿದ್ದಾರೆ. ಮುಂಬೈಯಲ್ಲಿರುವ ಕಿರಿಯ ಮಾವ ಇದುವರೆಗೆ ಬಂದಿಲ್ಲ. ಅಜ್ಜನ ಹೆಸರಿನಲ್ಲಿದ್ದ ಪಹಣಿಯನ್ನು ಮಾವಂದಿರು ಪೌತಿ ಖಾತೆಯ (ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವುದು) ಮೂಲಕ ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದರಿಂದ, ಅದರ ವಿರುದ್ಧ ಎ.ಸಿ. ಕೋರ್ಟಿನಲ್ಲಿ ಬೇರೊಂದು ಮೇಲ್ಮನವಿ ನಡೆಯುತ್ತಿದೆ. ಇವೆರಡರ ನಡುವೆ ತೋಟದ ಬೇಲಿಯ ಬಳಿ ಜಗಳವಾಗಿ ನನ್ನ ಅಣ್ಣನಿಗೆ ಪೆಟ್ಟಾಯಿತು. ಆ ಪ್ರಕರಣದಲ್ಲಿ ಪೊಲೀಸರು ದೋಷಾರೋಪಣ ಪಟ್ಟಿ ಸಲ್ಲಿಸಿದ್ದಾರೆ.

ಹೀಗೆ ಒಂದೇ ಮನೆತನದ ವಿವಾದ ಮೂರು ಕಡೆ ಹರಡಿಕೊಂಡಿದೆ. ಆಶ್ಚರ್ಯವೆಂದರೆ, ದಾವೆಯನ್ನು ನಡೆಸುತ್ತಿರುವ ನ್ಯಾಯಾಧೀಶರೇ ಅಣ್ಣನ ಪ್ರಕರಣವನ್ನೂ ನಡೆಸುತ್ತಿದ್ದಾರೆ. ಪ್ರತಿ ವಾಯಿದೆಗೆ ತಾಯಿಯವರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತೇನೆ, ನ್ಯಾಯಾಲಯದ ಜವಾನರಾದ ದಲಾಯತರು ಹೆಸರು ಕೂಗುತ್ತಾರೆ, ಅರ್ಧ ನಿಮಿಷದಲ್ಲಿ ಮುಂದಿನ ದಿನಾಂಕ ಹೇಳುತ್ತಾರೆ, ನಾವು ಹಿಂದಿರುಗುತ್ತೇವೆ. ಯಾರು ಏಕೆ ಮುಂದಕ್ಕೆ ಹಾಕಿದರು ಎಂದು ತಾಯಿ ದಾರಿಯುದ್ದಕ್ಕೂ ಕೇಳುತ್ತಾರೆ, ನನ್ನಲ್ಲಿ ಉತ್ತರವಿರುವುದಿಲ್ಲ. ನ್ಯಾಯಾಧೀಶರಿಗೇ ಒಂದು ಅರ್ಜಿ ಬರೆದುಕೊಡೋಣವೇ, ಜಿಲ್ಲಾಧಿಕಾರಿಗಳಿಗೆ ದೂರು ಕೊಡೋಣವೇ ಎಂದು ಯೋಚಿಸುತ್ತಿದ್ದೇನೆ. ಆ ಕಟ್ಟಡದೊಳಗೆ ಯಾರ ಅಧಿಕಾರ ಎಲ್ಲಿಯವರೆಗೆ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ತಾಲ್ಲೂಕು ವಕೀಲೆ:

ಕೆರೆಕೋಡಿ ಅವರೇ, ಜಿಲ್ಲಾಧಿಕಾರಿಗಳಿಗೆ ದೂರು ಕೊಡುವ ಆಲೋಚನೆಯನ್ನು ಮೊದಲು ಬಿಟ್ಟುಬಿಡಿ. ಜಿಲ್ಲೆಯ ಕಂದಾಯ ಆಡಳಿತಕ್ಕೂ ನ್ಯಾಯಾಲಯಕ್ಕೂ ಮೇಲಿನವರು, ಕೆಳಗಿನವರು ಎಂಬ ಸಂಬಂಧವೇ ಇಲ್ಲ. ಸಂವಿಧಾನದ 235ನೇ ವಿಧಿಯಂತೆ ಜಿಲ್ಲೆಯ ಮತ್ತು ತಾಲ್ಲೂಕಿನ ನ್ಯಾಯಾಲಯಗಳ ಮೇಲಿನ ನಿಯಂತ್ರಣ ಹೈಕೋರ್ಟಿಗೆ ಸೇರಿದ್ದು. ನ್ಯಾಯಾಧೀಶರ ವರ್ಗಾವಣೆ, ರಜೆ, ಶಿಸ್ತುಕ್ರಮ ಎಲ್ಲವೂ ಅಲ್ಲಿಂದಲೇ ಆಗುತ್ತವೆ. ಒಂದು ದಾವೆಯನ್ನು ಬೇರೆ ನ್ಯಾಯಾಲಯಕ್ಕೆ ವರ್ಗಾಯಿಸಬೇಕೆಂದು ತೋರಿದರೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಮಿನಡಿ ಜಿಲ್ಲಾ ನ್ಯಾಯಾಲಯಕ್ಕೋ ಹೈಕೋರ್ಟಿಗೋ ಅರ್ಜಿ ಹಾಕಬೇಕೇ ಹೊರತು ಬೇರೆ ಯಾವ ಕಚೇರಿಗೂ ಅಲ್ಲ.

ಒಬ್ಬರೇ ನ್ಯಾಯಾಧೀಶರು ಎರಡೂ ಪ್ರಕರಣ ನಡೆಸುತ್ತಿರುವುದರಲ್ಲಿ ತಪ್ಪೇನೂ ಇಲ್ಲ. ನ್ಯಾಯಾಲಯದ ಬಾಗಿಲ ಮೇಲಿನ ಫಲಕವನ್ನು ಪೂರ್ತಿ ಓದಿದರೆ ‘ಹಿರಿಯ ಸಿವಿಲ್ ನ್ಯಾಯಾಧೀಶರು ಮತ್ತು ಜೆ.ಎಂ.ಎಫ್.ಸಿ.’ ಎಂದಿರುತ್ತದೆ. 1964ರ ಕರ್ನಾಟಕ ಸಿವಿಲ್ ನ್ಯಾಯಾಲಯಗಳ ಅಧಿನಿಯಮದಡಿ ಅವರು ಸಿವಿಲ್ ನ್ಯಾಯಾಧೀಶರು. ಅಪರಾಧ ಪ್ರಕರಣಗಳ ಮಟ್ಟಿಗೆ ಅವರೇ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಗಳು. ಜಿಲ್ಲಾ ಕೇಂದ್ರದಲ್ಲಿಯೂ ಹೀಗೆಯೇ: ಸಿವಿಲ್ ಮೇಲ್ಮನವಿ ಕೇಳುವಾಗ ಜಿಲ್ಲಾ ನ್ಯಾಯಾಧೀಶರಾಗಿರುವವರು ಕೊಲೆ ಪ್ರಕರಣದ ವಿಚಾರಣೆಯಲ್ಲಿ ಸೆಷನ್ಸ್ ನ್ಯಾಯಾಧೀಶರು. ಪೀಠ ಒಂದೇ ಆದರೂ ಅಧಿಕಾರದ ಮೂಲ ಎರಡು, ಪಾಲಿಸಬೇಕಾದ ಕಾನೂನು ಎರಡು, ಸಾಕ್ಷ್ಯವನ್ನು ತೂಗುವ ಅಳತೆಯೂ ಎರಡು. ದಾವೆಯಲ್ಲಿ ಯಾರ ಕಡೆ ಸಂಭವ ಹೆಚ್ಚು ಎಂದು ನೋಡಿದರೆ, ಅಪರಾಧ ಪ್ರಕರಣದಲ್ಲಿ ಸಂಶಯಾತೀತವಾದ ರುಜುವಾತು ಬೇಕು. ಆದ್ದರಿಂದ ಅಣ್ಣನ ಪ್ರಕರಣದಲ್ಲಿ ಆರೋಪಿ ಬಿಡುಗಡೆಯಾದರೆ ತಾಯಿಯವರ ಪಾಲಿಗೆ ಅದರಿಂದ ಪೆಟ್ಟು ಬೀಳುತ್ತದೆಂದು ಹೆದರಬೇಕಾಗಿಲ್ಲ.

ನಿಮ್ಮ ಕಾಗದಗಳ ಮೇಲಿನ ಸಂಖ್ಯೆಯನ್ನು ಗಮನಿಸಿದರೆ ಅರ್ಧ ವಿಷಯ ತಿಳಿಯುತ್ತದೆ. ಓ.ಎಸ್. ಎಂದಿದ್ದರೆ ಮೂಲ ದಾವೆ, ಸಿ.ಸಿ. ಎಂದಿದ್ದರೆ ದಂಡಾಧಿಕಾರಿಗಳ ಮುಂದಿನ ಅಪರಾಧ ಪ್ರಕರಣ, ಆರ್.ಎ. ಎಂದರೆ ಮೇಲ್ಮನವಿ. ದಾವೆಯೊಳಗೆ ತಡೆಯಾಜ್ಞೆ ಮುಂತಾದವನ್ನು ಕೋರುವ ಮಧ್ಯಂತರ ಅರ್ಜಿ ಐ.ಎ. ವಿಭಾಗದ ದಾವೆಯಲ್ಲಿ ಮೊದಲು ಪಾಲು ಎಷ್ಟೆಂದು ನಿರ್ಧರಿಸುವ ಪ್ರಾಥಮಿಕ ಡಿಕ್ರಿ, ಅಂದರೆ ತೀರ್ಪಿನಂತೆ ಹೊರಡುವ ವಿಧ್ಯುಕ್ತ ಆದೇಶವಾಗುತ್ತದೆ. ಆಮೇಲೆ ಜಮೀನನ್ನು ನೆಲದ ಮೇಲೆ ಅಳೆದು ಬೇರ್ಪಡಿಸಲು ಎಫ್.ಡಿ.ಪಿ. ಎಂಬ ಅಂತಿಮ ಡಿಕ್ರಿಯ ನಡವಳಿ ಇರುತ್ತದೆ. ಕಂದಾಯ ಕೊಡುವ ಜಮೀನಾದರೆ ಅಳೆದು ಹಂಚುವ ಕೆಲಸ ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಮಿನಂತೆ ಕಂದಾಯ ಅಧಿಕಾರಿಗಳ ಪಾಲಿಗೆ ಬರುತ್ತದೆ. ಪ್ರಾಥಮಿಕ ಡಿಕ್ರಿಯನ್ನೇ ಗೆಲುವೆಂದು ತಿಳಿದು ಮನೆಯಲ್ಲಿ ಹೋಳಿಗೆ ಮಾಡಿ ಸುಮ್ಮನಾದ ಎಷ್ಟೋ ಕಕ್ಷಿದಾರರನ್ನು ನಾನು ನೋಡಿದ್ದೇನೆ. ನೀವು ಹಾಗೆ ಮಾಡಬೇಡಿ.

ಎ.ಸಿ. ಕೋರ್ಟ್ ಎಂದು ನಾವೆಲ್ಲ ಕರೆಯುವ ಸ್ಥಳ ನಿಜವಾಗಿ ಉಪವಿಭಾಗಾಧಿಕಾರಿಗಳ ಕಚೇರಿ. ಅವರು 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 136ನೇ ಕಲಮಿನಡಿ ಮ್ಯುಟೇಷನ್, ಅಂದರೆ ಪಹಣಿಯಲ್ಲಿ ಮಾಡಿದ ಹೆಸರಿನ ಬದಲಾವಣೆ, ಸರಿಯೇ ತಪ್ಪೇ ಎಂಬುದನ್ನು ಮಾತ್ರ ನೋಡುತ್ತಾರೆ. ಅವರ ಆದೇಶದ ಮೇಲೆ ಜಿಲ್ಲಾಧಿಕಾರಿಗಳ ಮುಂದೆ ಹೋಗಬಹುದು. ನಿಮ್ಮ ಮೂರು ಪ್ರಕರಣಗಳಲ್ಲಿ ಜಿಲ್ಲಾಧಿಕಾರಿಗಳಿಗೆ ಅಧಿಕಾರವಿರುವುದು ಇದೊಂದರಲ್ಲಿ ಮಾತ್ರ. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಒಡೆತನ ಬರುವುದಿಲ್ಲ, ಹೆಸರಿಲ್ಲದ ಮಾತ್ರಕ್ಕೆ ಹೋಗುವುದೂ ಇಲ್ಲ. ಹಕ್ಕನ್ನು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ, ಅದರ ಡಿಕ್ರಿಯಂತೆ ಕಂದಾಯ ದಾಖಲೆ ತಿದ್ದುಪಡಿಯಾಗಬೇಕು.

ನಿವೃತ್ತ ಶಿರಸ್ತೇದಾರ:

ಮೂರು ದಶಕಕ್ಕೂ ಹೆಚ್ಚು ಕಾಲ ನ್ಯಾಯಾಂಗ ಇಲಾಖೆಯ ಸಿಬ್ಬಂದಿಯಾಗಿ ದುಡಿದು ನಿವೃತ್ತನಾದವನು ನಾನು. ವಕೀಲೆಯವರು ಪೀಠದ ಮೇಲಿನದನ್ನು ಹೇಳಿದರು. ನಾನು ಪೀಠದ ಕೆಳಗಿನದನ್ನು ಹೇಳುತ್ತೇನೆ, ಏಕೆಂದರೆ ಕಡತವು ನ್ಯಾಯಾಧೀಶರ ಮೇಜಿನ ಮೇಲಿರುವ ಹೊತ್ತು ಬಹಳ ಕಡಿಮೆ; ಉಳಿದ ಕಾಲವೆಲ್ಲ ಅದು ನಮ್ಮಂಥವರ ಕೈಯಲ್ಲಿರುತ್ತದೆ.

ದಾವಾ ಪತ್ರ ಸಲ್ಲಿಕೆಯಾದ ಕೂಡಲೇ ನ್ಯಾಯಾಧೀಶರ ಬಳಿಗೆ ಹೋಗುವುದಿಲ್ಲ. ನ್ಯಾಯಾಲಯ ಶುಲ್ಕ ಸರಿಯಾಗಿದೆಯೇ, ಕಾಲಮಿತಿಯೊಳಗಿದೆಯೇ, ಈ ನ್ಯಾಯಾಲಯಕ್ಕೆ ಅಧಿಕಾರ ವ್ಯಾಪ್ತಿ ಇದೆಯೇ, ಪ್ರತಿವಾದಿಗಳೆಷ್ಟೋ ಅಷ್ಟು ನಕಲುಗಳಿವೆಯೇ ಎಂದು ಪರಿಶೀಲಿಸಿ, ಕೊರತೆಯಿದ್ದರೆ ಕಚೇರಿಯ ಆಕ್ಷೇಪಣೆ ಬರೆಯುವುದು ಶಿರಸ್ತೇದಾರರ ಕೆಲಸ. ಕಚೇರಿಯ ಸಿಬ್ಬಂದಿಗೆ ಮುಖ್ಯಸ್ಥರು ಅವರೇ, ಕಡತಗಳ ಹೊಣೆಯೂ ಅವರದೇ. ಆದರೆ ಆಕ್ಷೇಪಣೆ ಬರೆಯುವುದಷ್ಟೇ ಅವರ ಕೈಯಲ್ಲಿದೆ; ಅದನ್ನು ಒಪ್ಪುವುದು, ತಳ್ಳಿಹಾಕುವುದು ನ್ಯಾಯಾಧೀಶರ ಅಧಿಕಾರ.

ನ್ಯಾಯಾಧೀಶರ ಪೀಠದ ಮುಂದೆ ಕೆಳಗೆ ಕುಳಿತು ಕಡತಗಳನ್ನು ಒಂದೊಂದಾಗಿ ಮೇಲಕ್ಕೆ ಕೊಡುವವರು ಬೆಂಚ್ ಕ್ಲರ್ಕ್. ಅಂದಿನ ಪಟ್ಟಿಯನ್ನು ನೋಡಿಕೊಂಡು ಪ್ರಕರಣ ಕರೆಸುವುದು, ದಾಖಲೆಗಳಿಗೆ ನಿಶಾನೆ ಗುರುತು ಹಾಕುವುದು, ಆರ್ಡರ್ ಶೀಟಿನಲ್ಲಿ ಅಂದಿನ ನಡವಳಿ ದಾಖಲಾಗುವಂತೆ ನೋಡಿಕೊಳ್ಳುವುದು ಅವರ ಪಾಲಿನದು. ದಿನಾಂಕ ಕೊಡುವವರು ಅವರೇ ಎಂದು ಜನ ಅವರ ಸುತ್ತ ನೆರೆಯುತ್ತಾರೆ. ದಿನಾಂಕ ನಿಗದಿ ಮಾಡುವುದು ನ್ಯಾಯಾಧೀಶರು; ಅವರು ರಜೆಯಲ್ಲಿದ್ದ ದಿನ ತುರ್ತು ವಿಷಯಗಳನ್ನು ಪ್ರಭಾರ ನ್ಯಾಯಾಧೀಶರು ನೋಡುತ್ತಾರೆ, ಉಳಿದವಕ್ಕೆ ಮುಂದಿನ ದಿನಾಂಕ ಬೀಳುತ್ತದೆ. ಪಕ್ಕದಲ್ಲಿ ಕುಳಿತ ಶೀಘ್ರಲಿಪಿಗಾರರು ನ್ಯಾಯಾಧೀಶರು ಹೇಳಿದ ಆದೇಶವನ್ನು ಬರೆದುಕೊಳ್ಳುತ್ತಾರೆ, ಸಾಕ್ಷಿಯ ಹೇಳಿಕೆಯನ್ನು ಬೆರಳಚ್ಚುಗಾರರು ಟೈಪ್ ಮಾಡುತ್ತಾರೆ.

ಇನ್ನು ನಾಜರ್ ಶಾಖೆ. ಇದನ್ನು ಕಕ್ಷಿದಾರರಲ್ಲಿ ಹೆಚ್ಚಿನವರು ನೋಡಿಯೇ ಇರುವುದಿಲ್ಲ, ಆದರೆ ಪ್ರಕರಣಗಳು ನಿಂತುಹೋಗುವ ಜಾಗ ಬಹುಮಟ್ಟಿಗೆ ಇದೇ. ಸಮನ್ಸು, ನೋಟಿಸು, ವಾರಂಟುಗಳನ್ನು ಅಮೀನರಿಗೂ ಪ್ರೋಸೆಸ್ ಸರ್ವರ್‌ಗಳಿಗೂ ಹಂಚಿ, ಅವು ಜಾರಿಯಾದವೋ ಇಲ್ಲವೋ ಎಂಬ ವರದಿ ಪಡೆದು ನ್ಯಾಯಾಲಯಕ್ಕೆ ಮರಳಿಸುವುದು ಅಲ್ಲಿ. ನ್ಯಾಯಾಧೀಶರು ‘ಸಮನ್ಸ್ ಹೊರಡಿಸಿ’ ಎಂದು ಹೇಳಿದೊಡನೆ ಅದು ತಾನಾಗಿ ಹೊರಡುವುದಿಲ್ಲ. ವಾದಿಯ ಕಡೆಯವರು ಜಾರಿಯ ಶುಲ್ಕವಾದ ಪ್ರೋಸೆಸ್ ಫೀ (ಪಿ.ಎಫ್.) ಕಟ್ಟಬೇಕು, ಪ್ರತಿವಾದಿಯ ಸರಿಯಾದ ವಿಳಾಸ ಕೊಡಬೇಕು, ಅಂಚೆಯ ಮೂಲಕವಾದರೆ ಲಕೋಟೆ ಕೊಡಬೇಕು. ಆರ್ಡರ್ ಶೀಟಿನಲ್ಲಿ ‘ಪಿ.ಎಫ್. ಸಲ್ಲಿಸಿದಲ್ಲಿ ಸಮನ್ಸ್’ ಎಂಬ ವಾಕ್ಯ ವಾಯಿದೆಯಿಂದ ವಾಯಿದೆಗೆ ಹಾಗೆಯೇ ನಕಲಾಗುತ್ತ ಹೋದ ಕಡತಗಳನ್ನು ನಾನು ಎಷ್ಟೋ ನೋಡಿದ್ದೇನೆ. ಅಂಥ ಕಡತಗಳ ಕಕ್ಷಿದಾರರು ಹೊರಗೆ ಬೇವಿನ ಮರದ ಕೆಳಗೆ ಕುಳಿತು ನ್ಯಾಯಾಧೀಶರನ್ನು ಶಪಿಸುತ್ತಿದ್ದರು. ಕಡತವನ್ನು ಕೈಯಲ್ಲಿ ಹಿಡಿದುಕೊಂಡು ಅವರ ಮುಂದೆಯೇ ಹಾದು ಹೋಗುವಾಗ ನನಗೆ ಸಂಕಟವಾಗುತ್ತಿತ್ತು.

ಅಮೀನರಿಗೆ ಡಿಕ್ರಿಯ ಅಮಲ್ಜಾರಿಯಲ್ಲಿ ಇನ್ನೂ ದೊಡ್ಡ ಹೊಣೆ ಇದೆ. ಸ್ವಾಧೀನ ಬಿಡಿಸಿ ಕೊಡುವವರು, ಜಪ್ತಿ ಮಾಡುವವರು ಅವರು. ಆದರೆ ವಾರಂಟಿನಲ್ಲಿ ಬರೆದದ್ದನ್ನು ಬಿಟ್ಟು ಒಂದು ಗುಂಟೆ ಆಚೆಗೂ ಅವರು ಕಾಲಿಡುವಂತಿಲ್ಲ. ಇವರಿಗೆ ‘ದಾರಿ ಖರ್ಚು’ ಎಂದು ಕೈಯಲ್ಲಿ ಹಣ ಕೊಡಬೇಕೆಂದು ಯಾರಾದರೂ ಹೇಳಿದರೆ ದಯವಿಟ್ಟು ಕೊಡಬೇಡಿ. ಕಟ್ಟಬೇಕಾದ ಹಣವನ್ನು ಕಟ್ಟಬೇಕಾದ ಕಡೆ ಕಟ್ಟಿ ರಸೀದಿ ಪಡೆಯಿರಿ. ಆ ಕೆಟ್ಟ ರೂಢಿಯನ್ನು ಕಣ್ಣಾರೆ ಕಂಡವನಾಗಿ, ಅದನ್ನು ತಡೆಯಲು ಸಾಕಷ್ಟು ಪ್ರಯತ್ನ ಮಾಡಲಿಲ್ಲವೆಂಬ ನೋವು ನನಗೆ ಈಗಲೂ ಇದೆ.

ನ್ಯಾಯಾಧೀಶರಿಗೆ ನೇರವಾಗಿ ಅರ್ಜಿ ಬರೆಯುವ ಮಾತು ಹೇಳಿದಿರಿ. ಎದುರು ಪಕ್ಷದವರಿಲ್ಲದ ಹೊತ್ತಿನಲ್ಲಿ ಪ್ರಕರಣದ ಬಗ್ಗೆ ಒಂದು ಮಾತನ್ನೂ ಅವರು ಕೇಳುವಂತಿಲ್ಲ. ಚೇಂಬರಿನ ಬಾಗಿಲಲ್ಲಿ ದಲಾಯತರು ನಿಮ್ಮನ್ನು ತಡೆದರೆ ಅದು ದರ್ಪವೆಂದು ತಿಳಿಯಬೇಡಿ. ನಾಳೆ ನಿಮ್ಮ ಮಾವಂದಿರು ಅದೇ ಬಾಗಿಲಿಗೆ ಬಂದರೂ ಅವರು ಹಾಗೆಯೇ ತಡೆಯಬೇಕು.

ಕೆರೆಕೋಡಿ:

ಇಬ್ಬರಿಗೂ ಕೃತಜ್ಞತೆಗಳು. ಶಿರಸ್ತೇದಾರರ ಬರಹವನ್ನು ತಾಯಿಯವರಿಗೆ ಪೂರ್ತಿ ಓದಿ ಹೇಳಿದೆ. ಅಣ್ಣನ ಪ್ರಕರಣದ ಬಗ್ಗೆ ಒಂದು ಪ್ರಶ್ನೆ ಉಳಿದಿದೆ. ಪೆಟ್ಟು ತಿಂದವನು ಅವನು, ದೂರು ಕೊಟ್ಟವನು ಅವನು. ಆದರೆ ನಾವು ನೇಮಿಸಲು ಹೊರಟ ವಕೀಲರು ತಾವು ಈ ಪ್ರಕರಣವನ್ನು ನಡೆಸುವಂತಿಲ್ಲ ಎನ್ನುತ್ತಾರೆ. ಆರೋಪಿಗೆ ವಕೀಲರಿರುವಾಗ ನಮಗೇಕೆ ಇಲ್ಲ?

ಅಭಿಯೋಜನೆಯಲ್ಲಿದ್ದವರು:

ಈ ಪ್ರಶ್ನೆಯನ್ನು ನನ್ನ ಸೇವೆಯ ಅವಧಿಯಲ್ಲಿ ಸಾಕ್ಷಿಗಳು ದಿನವೂ ಕೇಳುತ್ತಿದ್ದರು. ಪೊಲೀಸರು ದೋಷಾರೋಪಣ ಪಟ್ಟಿ ಸಲ್ಲಿಸಿದ ಮೇಲೆ ಪ್ರಕರಣ ‘ಸರ್ಕಾರ ವಿರುದ್ಧ ಆರೋಪಿ’ ಎಂದಾಗುತ್ತದೆ. ಅಪರಾಧವೆಂಬುದು ಸಮಾಜದ ಮೇಲೆ ನಡೆದದ್ದೆಂದು ಕಾನೂನು ಎಣಿಸುವುದರಿಂದ ಅದನ್ನು ನಡೆಸುವ ಹೊಣೆ ಸರ್ಕಾರದ್ದು. ದಂಡಾಧಿಕಾರಿಗಳ ನ್ಯಾಯಾಲಯದಲ್ಲಿ ಆ ಹೊಣೆಯನ್ನು ಸಹಾಯಕ ಸರ್ಕಾರಿ ಅಭಿಯೋಜಕರು, ಅಂದರೆ ಎ.ಪಿ.ಪಿ.ಯವರು ಹೊರುತ್ತಾರೆ, ಸೆಷನ್ಸ್ ನ್ಯಾಯಾಲಯದಲ್ಲಿ ಸರ್ಕಾರಿ ಅಭಿಯೋಜಕರು. ಅಣ್ಣನವರು ಅಲ್ಲಿ ಪಕ್ಷಗಾರರಲ್ಲ, ಸಾಕ್ಷಿ. ಬಹುಶಃ ಮೊದಲನೆಯ ಸಾಕ್ಷಿ.

ಹಾಗೆಂದು ಅವರಿಗೆ ದನಿಯೇ ಇಲ್ಲವೆಂದಲ್ಲ. ಅವರು ನೇಮಿಸಿಕೊಂಡ ವಕೀಲರು ಎ.ಪಿ.ಪಿ.ಯವರ ನಿರ್ದೇಶನದಂತೆ ನೆರವಾಗಬಹುದು, ಸಾಕ್ಷ್ಯ ಮುಗಿದ ಮೇಲೆ ನ್ಯಾಯಾಲಯದ ಅನುಮತಿ ಪಡೆದು ಲಿಖಿತ ವಾದ ಸಲ್ಲಿಸಬಹುದು. ಆರೋಪಿ ಬಿಡುಗಡೆಯಾದರೆ ನೊಂದವರೇ ಮೇಲ್ಮನವಿ ಹೋಗುವ ಹಕ್ಕು 2009ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಅದೇ ಸಂಹಿತೆಯಂತೆ ಪ್ರಥಮ ದರ್ಜೆ ದಂಡಾಧಿಕಾರಿಗಳು ವಿಧಿಸಬಹುದಾದ ಕಾರಾಗೃಹವಾಸ ಗರಿಷ್ಠ 3 ವರ್ಷ, ಮುಖ್ಯ ನ್ಯಾಯಿಕ ದಂಡಾಧಿಕಾರಿಗಳದು 7 ವರ್ಷ. ಮರಣದಂಡನೆ ವಿಧಿಸುವ ಅಧಿಕಾರ ಸೆಷನ್ಸ್ ನ್ಯಾಯಾಧೀಶರಿಗಿದ್ದರೂ ಹೈಕೋರ್ಟ್ ದೃಢಪಡಿಸದೆ ಅದು ಜಾರಿಯಾಗುವುದಿಲ್ಲ. ಕೊಲೆ ಪ್ರಕರಣದ ಪಟ್ಟಿಯೂ ಮೊದಲು ಬರುವುದು ದಂಡಾಧಿಕಾರಿಗಳ ಮುಂದೆಯೇ; ಅವರು ಅದನ್ನು ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸುತ್ತಾರೆ, ಅಲ್ಲಿ ಅದಕ್ಕೆ ಎಸ್.ಸಿ. (ಸೆಷನ್ಸ್ ಕೇಸ್) ಎಂಬ ಹೊಸ ಸಂಖ್ಯೆ ಬೀಳುತ್ತದೆ.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಬೇರೆಯಿದೆ. ಎ.ಪಿ.ಪಿ.ಯವರು ಪೊಲೀಸರ ವಕೀಲರಲ್ಲ, ಅಣ್ಣನವರ ವಕೀಲರೂ ಅಲ್ಲ. ಆರೋಪಿಗೆ ಅನುಕೂಲವಾದ ಕಾಗದವೊಂದು ಕಡತದಲ್ಲಿದ್ದರೆ ಅದನ್ನು ಮುಚ್ಚಿಡದೆ ನ್ಯಾಯಾಲಯದ ಮುಂದಿಡುವುದೂ ಅವರ ಕರ್ತವ್ಯ. ತನಿಖೆ ಮಾಡುವವರು ಬೇರೆ, ನಡೆಸುವವರು ಬೇರೆ, ತೀರ್ಪು ಕೊಡುವವರು ಬೇರೆ ಎಂಬ ಈ ಅಂತರವಿಲ್ಲದಿದ್ದರೆ ಬಡವನೊಬ್ಬ ಆರೋಪಿಯಾದ ದಿನ ಅವನನ್ನು ಕಾಯುವುದು ಯಾವುದೂ ಇರುವುದಿಲ್ಲ. ಸಾಕ್ಷಿ ಹೇಳುವ ದಿನ ಅಣ್ಣನವರು ನ್ಯಾಯಾಲಯ ಆರಂಭವಾಗುವ ಮೊದಲೇ ಎ.ಪಿ.ಪಿ.ಯವರ ಕಚೇರಿಗೆ ಹೋಗಿ ತಮ್ಮ ದೂರಿನ ಪ್ರತಿಯನ್ನು ಓದಿಕೊಳ್ಳಲಿ. ಹೇಳಿಕೊಟ್ಟ ಪಾಠ ಒಪ್ಪಿಸುವ ಅಗತ್ಯವಿಲ್ಲ, ಕಂಡದ್ದನ್ನು ಹೇಳಿದರೆ ಸಾಕು. ನೆನಪಿಲ್ಲದ್ದನ್ನು ನೆನಪಿಲ್ಲ ಎಂದೇ ಹೇಳಬೇಕು.

ಹಳೆಯ ಕಕ್ಷಿದಾರೆ:

ನನ್ನದು ಮುಗಿದುಹೋದ ದಾವೆ. ಈ ಚರ್ಚೆಯಲ್ಲಿ ಯಾರೂ ಎತ್ತದ ಒಂದು ವಿಷಯ ಹೇಳುತ್ತೇನೆ. ಸಿವಿಲ್ ದಾವೆಯಲ್ಲಿ ಮುಖ್ಯ ವಿಚಾರಣೆಯನ್ನು, ಅಂದರೆ ಸಾಕ್ಷಿಯು ತನ್ನ ಕಡೆಯಿಂದ ಮೊದಲು ಕೊಡುವ ಹೇಳಿಕೆಯನ್ನು, 2002ರ ತಿದ್ದುಪಡಿಯ ನಂತರ ಪ್ರಮಾಣಪತ್ರದ ರೂಪದಲ್ಲಿ ಸಲ್ಲಿಸುತ್ತಾರೆ. ಅದನ್ನು ಬರೆಯುವವರು ವಕೀಲರು, ಸಹಿ ಹಾಕುವವರು ನಾವು. ನನ್ನ ಪ್ರಮಾಣಪತ್ರ ಇಂಗ್ಲಿಷಿನಲ್ಲಿತ್ತು. ಅದರಲ್ಲಿ ನಾನು ಒಂದು ಊರಿನ ಪಂಚಾಯಿತಿಗೆ ಹಾಜರಿದ್ದೆನೆಂದು ಬರೆದಿತ್ತು; ನಾನು ಹೋಗಿರಲಿಲ್ಲ. ಪಾಟಿ ಸವಾಲಿನಲ್ಲಿ ಎದುರು ವಕೀಲರು ಕೇಳಿದಾಗ ಇಲ್ಲವೆಂದೆ. ಪ್ರಮಾಣ ಮಾಡಿ ಸುಳ್ಳು ಹೇಳಿದವಳೆಂಬ ಮಾತು ಕೇಳಬೇಕಾಯಿತು. ಇಂದಿಗೂ ಅದು ಮನಸ್ಸಿನಿಂದ ಹೋಗಿಲ್ಲ.

ಕರ್ನಾಟಕದ ಕೆಳಹಂತದ ನ್ಯಾಯಾಲಯಗಳಲ್ಲಿ ಕನ್ನಡಕ್ಕೆ ಪೂರ್ಣ ಸ್ಥಾನವಿದೆ. ಇಂಗ್ಲಿಷ್ ಬೇಕೆಂಬುದು ಸಂವಿಧಾನದ 348ನೇ ವಿಧಿಯಂತೆ ಹೈಕೋರ್ಟು, ಸುಪ್ರೀಂ ಕೋರ್ಟುಗಳ ಮಾತು. ಆದ್ದರಿಂದ ತಾಯಿಯವರ ಪ್ರಮಾಣಪತ್ರ ಕನ್ನಡದಲ್ಲಿಯೇ ಇರಲಿ ಎಂದು ಕೇಳಿ. ಓದಿಸಿ ಕೇಳದೆ ಸಹಿ ಹಾಕಿಸಬೇಡಿ. ಪಾಟಿ ಸವಾಲಿನ ಹೇಳಿಕೆಗೆ ಸಹಿ ಹಾಕುವ ಮೊದಲು ಅದನ್ನು ಓದಿ ಹೇಳಿ ಎಂದು ಕೇಳಲು ಅವರು ಹಿಂಜರಿಯಬಾರದು. ತಪ್ಪು ದಾಖಲಾಗಿದ್ದರೆ ಪೀಠಕ್ಕೆ ಕೈಮುಗಿದು ಆಗಲೇ ಹೇಳಬೇಕು.

ತಾಲ್ಲೂಕು ವಕೀಲೆ:

ಮೇಲಿನ ಮಾತನ್ನು ನಮ್ಮ ವೃತ್ತಿಯವಳಾಗಿ ತಲೆಬಾಗಿ ಒಪ್ಪುತ್ತೇನೆ. ವಕಾಲತ್ತಿಗೆ ಸಹಿ ಹಾಕಿಸಿಕೊಂಡವರು ಕಕ್ಷಿದಾರರ ಪ್ರತಿನಿಧಿಯೇ ಹೊರತು ಅವರ ಯಜಮಾನರಲ್ಲ. ಅದೇ ಹೊತ್ತಿಗೆ ನಾವು ನ್ಯಾಯಾಲಯಕ್ಕೂ ಬದ್ಧರು, ಸುಳ್ಳೆಂದು ತಿಳಿದದ್ದನ್ನು ಬರೆಯುವಂತಿಲ್ಲ. ಒಂದು ವಿಷಯ ಸೇರಿಸುತ್ತೇನೆ. ಮಹಿಳೆಯಾದ್ದರಿಂದ ತಾಯಿಯವರು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೇ ಕಲಮಿನಡಿ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಚೇರಿ ನ್ಯಾಯಾಲಯದ ಆವರಣದಲ್ಲಿಯೇ ಇರುತ್ತದೆ, ಸಹಾಯವಾಣಿ 15100. ಮಾವಂದಿರು ಮಾತುಕತೆಗೆ ಒಪ್ಪಿದರೆ ಲೋಕ ಅದಾಲತ್ತಿನಲ್ಲಿ ರಾಜಿಯಾಗಬಹುದು; ಅಲ್ಲಿನ ಐತೀರ್ಪಿನ ಮೇಲೆ ಮೇಲ್ಮನವಿ ಇಲ್ಲವಾದ್ದರಿಂದ ಪ್ರತಿ ಸರ್ವೆ ನಂಬರನ್ನೂ ಚಕ್ಕುಬಂದಿಯನ್ನೂ ನೋಡಿಕೊಂಡೇ ಸಹಿ ಹಾಕಬೇಕು.

ಭೀಮಾತೀರದ ಓದುಗ:

ನಾನು ಯಾದಗಿರಿ ಕಡೆಯವನು. ತೀರ್ಪು ಬಂದ ಮೇಲಿನ ಹಾದಿಯ ಬಗ್ಗೆ ಸ್ವಲ್ಪ ಬರೆಯುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ಎಡವಿದ್ದು ಅಲ್ಲಿಯೇ. ಜಿಲ್ಲೆಯೊಳಗಿನ ಮೇಲಿನ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 30 ದಿನ, ಹೈಕೋರ್ಟಿಗಾದರೆ 90 ದಿನ. ದೃಢೀಕೃತ ನಕಲು ಪಡೆಯಲು ಹಿಡಿದ ಕಾಲವನ್ನು ಇದರಿಂದ ಕಳೆಯುತ್ತಾರೆ, ಆದರೆ ನೀವು ನಕಲು ಅರ್ಜಿ ಹಾಕಿದ್ದರೆ ಮಾತ್ರ. ನಮ್ಮ ತಂದೆಯವರು ನಕಲು ತಾನಾಗಿ ಮನೆಗೆ ಬರುತ್ತದೆಂದು ಕಾದು ಕುಳಿತು, ಕೊನೆಗೆ ವಿಳಂಬ ಮನ್ನಾ ಮಾಡಿರೆಂದು ಬೇರೆ ಅರ್ಜಿ ಹಾಕಿ ಅಂಗಲಾಚಬೇಕಾಯಿತು. ತೀರ್ಪಿನ ದಿನವೇ ನಕಲು ಶಾಖೆಗೆ ಅರ್ಜಿ ಕೊಡಿ.

ಎರಡನೆಯ ಮೇಲ್ಮನವಿ ಹೈಕೋರ್ಟಿಗೆ ಮಾತ್ರ, ಅದೂ ಗಣನೀಯವಾದ ಕಾನೂನಿನ ಪ್ರಶ್ನೆಯಿದ್ದರಷ್ಟೇ. ಸಾಕ್ಷಿ ಹೇಳಿದ್ದು ನಿಜವೋ ಸುಳ್ಳೋ ಎಂಬ ಚರ್ಚೆ ಅಷ್ಟು ಹೊತ್ತಿಗೆ ಮುಗಿದಿರುತ್ತದೆ. 2008ರ ಜುಲೈಯಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಸಂಚಾರಿ ಪೀಠಗಳು ಆರಂಭವಾಗುವವರೆಗೆ ನಮ್ಮವರು ಒಂದು ವಾಯಿದೆಗಾಗಿ ರಾತ್ರಿಯಿಡೀ ರೈಲಿನಲ್ಲಿ ಕುಳಿತು ಹೈಕೋರ್ಟ್ ಇರುವ ಬೆಂಗಳೂರಿನ ಅಠಾರಾ ಕಚೇರಿಗೆ ಹೋಗಬೇಕಿತ್ತು. 2013ರಲ್ಲಿ ಅವು ಕಾಯಂ ಪೀಠಗಳಾದವು. ಯಾದಗಿರಿಯಿಂದ ಕಲಬುರಗಿಗೆ ಹೋಗಿ ಸಂಜೆಗೆ ಮನೆ ಸೇರುವುದೆಂದರೆ ಏನೆಂಬುದು ನಮ್ಮ ಹಿರಿಯರಿಗೆ ಗೊತ್ತು. ಹೈಕೋರ್ಟಿನಲ್ಲಿ ಯಾವ ಬಗೆಯ ಪ್ರಕರಣವನ್ನು ಯಾವ ನ್ಯಾಯಮೂರ್ತಿಗಳು ಕೇಳಬೇಕೆಂದು ಹಂಚುವವರು ಮುಖ್ಯ ನ್ಯಾಯಮೂರ್ತಿಗಳು. ಕಕ್ಷಿದಾರರಿಗಾಗಲಿ ವಕೀಲರಿಗಾಗಲಿ ಆರಿಸಿಕೊಳ್ಳುವ ಅವಕಾಶವಿಲ್ಲ.

ನಿವೃತ್ತ ಶಿರಸ್ತೇದಾರ:

ಕೆರೆಕೋಡಿ ಅವರೇ, ನಿಮ್ಮ ದಾವೆಗೆ 16 ಅಕ್ಷರ ಮತ್ತು ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಇರುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಹಿಂದಿನ ಪ್ರತಿ ವಾಯಿದೆಯಂದು ನಡೆದದ್ದು, ಮುಂದಿನ ಹಂತ ಎರಡೂ ಕಾಣುತ್ತವೆ. ಅದು ಸಾಲದಿದ್ದರೆ ಕಡತ ಪರಿಶೀಲನೆಗೆ ವಕೀಲರ ಮೂಲಕ ಅರ್ಜಿ ಕೊಡಿ. ಪಕ್ಷಗಾರರಿಗೆ ತಮ್ಮದೇ ಕಡತವನ್ನು ನೋಡುವ ಹಕ್ಕಿದೆ. ಮೂರನೆಯ ಪ್ರತಿವಾದಿಯ ಸಮನ್ಸಿನ ಮೇಲೆ ಬರೆದು ಬಂದ ವರದಿಯನ್ನು ಮೊದಲು ನೋಡಿ, ಆಮೇಲೆ ಇಲ್ಲಿ ತಿಳಿಸಿ.

ಕೆರೆಕೋಡಿ:

ನೋಡಿದೆ. ಮುಂಬೈಯ ವಿಳಾಸಕ್ಕೆ ಹೋದ ಮೊದಲ ಸಮನ್ಸು ‘ಮನೆ ಬಿಟ್ಟು ಹೋಗಿದ್ದಾರೆ’ ಎಂಬ ಷರಾದೊಂದಿಗೆ ಹಿಂದಿರುಗಿದೆ. ಅಂದಿನಿಂದ ಆರು ವಾಯಿದೆಗಳಲ್ಲಿ ಒಂದೇ ವಾಕ್ಯವಿದೆ: ಹೊಸ ವಿಳಾಸ ಮತ್ತು ಪಿ.ಎಫ್. ಸಲ್ಲಿಸಿದಲ್ಲಿ 3ನೇ ಪ್ರತಿವಾದಿಗೆ ಸಮನ್ಸ್. ಕಡತ ಯಾರ ಕೈಯಲ್ಲಿಯೂ ಇರಲಿಲ್ಲ, ನಮ್ಮ ಕೈಗಾಗಿ ಕಾಯುತ್ತಿತ್ತು. ವಕೀಲರನ್ನು ಕೇಳಿದಾಗ ತಮ್ಮ ಗುಮಾಸ್ತರು ಹೇಳಿರಬೇಕೆಂದುಕೊಂಡಿದ್ದೆ ಎಂದರು. ಗುಮಾಸ್ತರು ನಮಗೆ ತಿಳಿದಿದೆ ಎಂದುಕೊಂಡಿದ್ದರು.

ಚಿಕ್ಕಮ್ಮನ ಮಗಳಿಂದ ಮಾವನ ಈಗಿನ ವಿಳಾಸ ಸಿಕ್ಕಿತು. ನಿನ್ನೆ ಫೀ ಕಟ್ಟಿ, ಅಂಚೆಯ ಲಕೋಟೆ ಕೊಟ್ಟು, ರಸೀದಿಯನ್ನು ತಾಯಿಯವರ ಕೈಗೆ ಕೊಟ್ಟೆ. ಅಲ್ಲಿಯೂ ಜಾರಿಯಾಗದಿದ್ದರೆ ಪತ್ರಿಕಾ ಪ್ರಕಟಣೆಯ ಮೂಲಕ ಬದಲಿ ಜಾರಿಗೆ ಅರ್ಜಿ ಹಾಕಬಹುದೆಂದು ವಕೀಲರು ಹೇಳಿದ್ದಾರೆ. ಮುಂದಿನ ವಾಯಿದೆ ಬರುವ ತಿಂಗಳು. ಅಂದು ತಾಯಿಯವರು ಹೊರಗೆ ಮರದ ಕೆಳಗೆ ಕುಳಿತಿರುವುದಿಲ್ಲ, ಒಳಗೆ ಬಂದು ಬೆಂಚ್ ಕ್ಲರ್ಕ್ ಏನು ಬರೆದುಕೊಳ್ಳುತ್ತಾರೆಂದು ನೋಡುತ್ತೇನೆ ಎನ್ನುತ್ತಿದ್ದಾರೆ.